ಹಳೇ ಪ್ರಿಯಸ್: ಮನೆಯಲ್ಲೇ ಥರ್ಮೋಸ್ಟಾಟ್, ಇಜಿಆರ್ ಕೂಲರ್ ಬಿಚ್ಚಿ ಹಾಕಿದ ಮೇಲೆ ಎಂಜಿನ್ ಹೀಟ್ ಆಗ್ತಿದೆ

ಸ್ಯಾನ್‌ಹೊಸೆ_30

ಗಾಡಿ 2010ರ ಮೂರನೇ ತಲೆಮಾರಿನ ಪ್ರಿಯಸ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಟೊಯೋಟಾ ಹೈಬ್ರಿಡ್), 1.8 ಲೀಟರ್ 2ಝಡ್‌ಆರ್-ಎಫ್‌ಎಕ್ಸ್‌ಇ ಎಂಜಿನ್. ಓಡಿರುವುದು 1,68,000 ಮೈಲಿ, ಅಂದರೆ ಸುಮಾರು 2.7 ಲಕ್ಷ ಕಿಲೋಮೀಟರ್.

ಮನೆಯಲ್ಲಿ ಮಾಡಿದ ಕೆಲಸ: ಹೊಸ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟಿಗೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್), ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಬಿಚ್ಚಿ ತೊಳೆದದ್ದು, ಇನ್‌ಟೇಕ್ ಮ್ಯಾನಿಫೋಲ್ಡಿನ ಇಜಿಆರ್ ತೂತುಗಳ ಮಸಿ ಕೆರೆದದ್ದು. ಹಾಕಿದ್ದು ಗುಲಾಬಿ ಬಣ್ಣದ, ಮೊದಲೇ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ (ಎಂಜಿನ್ ತಣಿಸುವ ದ್ರವ). ಹೊರಗೆ ಬಂದದ್ದು 5.5 ಲೀಟರ್, ಒಳಗೆ ಹೋದದ್ದು 4.2 ಲೀಟರ್, ಅಷ್ಟಕ್ಕೇ ಟ್ಯಾಂಕ್ ಫುಲ್.

ಈಗಿನ ಸ್ಥಿತಿ: ಊರೊಳಗೆ 88ರಿಂದ 91 ಡಿಗ್ರಿ. ಏರು ರಸ್ತೆಯಲ್ಲಿ ಹತ್ತು ನಿಮಿಷಕ್ಕೆ 104, ಆಮೇಲೆ ತಟಕ್ಕನೆ 112, ಕೆಂಪು ದೀಪ. ಅದೇ ಹೊತ್ತಿಗೆ ಹೀಟರ್ ಹಾಕಿದರೆ ತಣ್ಣನೆ ಗಾಳಿ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಪಿ148ಎಫ್. ವಾಟರ್ ಪಂಪ್ ಹೋಗಿದೆ ಅಂತ ಹೊಸದು ತರಿಸಲೇ?

ಹತ್ತು_ಎಂಎಂ

ಪಂಪ್ ತರಿಸಬೇಡಿ. ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ: 5.5 ಹೋಯಿತು, 4.2 ಬಂತು. ಮಿಕ್ಕ 1.3 ಲೀಟರ್ ಜಾಗದಲ್ಲಿ ಕೂತಿರುವುದು ಗಾಳಿ. ಟ್ಯಾಂಕ್ ತುಂಬಿ ಕಂಡರೆ ಸಿಸ್ಟಮ್ ತುಂಬಿತು ಅಂತ ಅರ್ಥವಲ್ಲ.

ಕೋಡ್ ಕೂಡ ಅದನ್ನೇ ಹೇಳುತ್ತಿದೆ. ಈ ಎಂಜಿನ್‌ಗೆ ಬೆಲ್ಟೇ ಇಲ್ಲ, ವಾಟರ್ ಪಂಪ್ ಕರೆಂಟಿನದು. ಎಷ್ಟು ವೇಗದಲ್ಲಿ ತಿರುಗಬೇಕು ಅಂತ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೇಳುತ್ತದೆ, ಎಷ್ಟು ತಿರುಗುತ್ತಿದೆ ಅಂತ ವಾಪಸ್ ಓದುತ್ತದೆ. ರೆಕ್ಕೆಗಳ ನಡುವೆ ನೀರಿನ ಬದಲು ಗಾಳಿ ಸಿಕ್ಕಿದರೆ ಭಾರವಿಲ್ಲದೆ ಅದು ಬರ್‍ರೆಂದು ತಿರುಗುತ್ತದೆ. ಪಿ148ಎಫ್ ಅಂದರೆ ಅದೇ, ಪಂಪ್ ಮಿತಿ ಮೀರಿ ಸುತ್ತುತ್ತಿದೆ. ಪಂಪೇ ಕೆಟ್ಟಿದ್ದರೆ, ಅಂದರೆ ಬಿಗಿಯಾಗಿದ್ದರೆ, ಹೇಳಿದಷ್ಟು ತಿರುಗದಿದ್ದರೆ, ಸಾಮಾನ್ಯವಾಗಿ ಬರುವುದು ಪಿ261ಬಿ. ಎರಡನ್ನೂ ಒಂದೇ ಅಂತ ಓದಿ ಚೆನ್ನಾಗಿರುವ ಪಂಪ್ ಕಿತ್ತು ಎಸೆಯುವವರು ಬೇಕಾದಷ್ಟು ಜನ.

ಕೂಲೆಂಟ್ 104 ಡಿಗ್ರಿ ತೋರಿಸುವಾಗ ಹೀಟರ್ ತಣ್ಣಗಿದ್ದರೆ ಬಿಸಿ ನೀರು ಹೀಟರ್ ಕೋರ್‌ಗೆ (ಗಾಡಿಯೊಳಗಿನ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ತಲುಪುತ್ತಿಲ್ಲ. ಅದು ಗಾಳಿಯ ಗುರುತು. ಅಂದಹಾಗೆ ಆ ನೆಗೆತ, 104ರಿಂದ 112ಕ್ಕೆ ತಟಕ್ಕನೆ, ಅದೂ ಗಾಳಿಯದೇ. ಸೆನ್ಸರ್ ಮುಂದೆ ನೀರಿದ್ದಾಗ ಒಂದು ಅಂಕಿ, ಆವಿಯ ಗುಳ್ಳೆ ಹಾದಾಗ ಇನ್ನೊಂದು. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಉಷ್ಣತೆ ನಿಧಾನ, ಒಂದೇ ಸಮನೆ ಏರುತ್ತದೆ, ಹೀಗೆ ಹಾರುವುದಿಲ್ಲ.

ಕೂಲೆಂಟ್_ಕಾಕ

ಗಾಳಿ ತೆಗೆಯುವ ಕ್ರಮ ಬರೆಯುತ್ತೇನೆ. ಮೊದಲು ಒಂದು ಮಾತು: ಹೈಬ್ರಿಡ್‌ನಲ್ಲಿ ಡ್ಯಾಶಿನ ರೆಡಿ ದೀಪ (ಗಾಡಿ ಹೊರಡಲು ಸಿದ್ಧ ಎಂಬ ಗುರುತು) ಉರಿಯುತ್ತಿದ್ದರೆ ಎಂಜಿನ್ ನಿಂತಿದ್ದರೂ ಯಾವ ಕ್ಷಣದಲ್ಲಾದರೂ ಎದ್ದುಬಿಡುತ್ತದೆ. ಕೈ ಒಳಗಿಟ್ಟು ಕೆಲಸ ಮಾಡುವಾಗ ಗಾಡಿ ಆಫ್ ಇರಲಿ, ಕೀ ಮನೆಯೊಳಗೆ ಇರಲಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರು ಮುಟ್ಟುವ ಕೆಲಸ ಇಲ್ಲಿ ಒಂದೂ ಇಲ್ಲ.

ಮಾಮೂಲಿ ಕಾರಿನ ಹಾಗೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಕೆಲಸ ಆಗುವುದಿಲ್ಲ. ಸ್ವಲ್ಪ ಬಿಸಿಯಾದ ಕೂಡಲೇ ಎಂಜಿನ್ ತಾನೇ ನಿಲ್ಲುತ್ತದೆ, ಗಾಳಿ ಅಲ್ಲೇ ಉಳಿಯುತ್ತದೆ. ಮೇಂಟೆನೆನ್ಸ್ ಮೋಡ್ ಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ. ಪಿ-ಯಲ್ಲಿ (ಪಾರ್ಕಿಂಗ್) ಆಕ್ಸಿಲರೇಟರ್ ಪೂರ್ತಿ ಎರಡು ಸಲ ತುಳಿಯಿರಿ. ಬ್ರೇಕ್ ಹಿಡಿದು ಎನ್‌ಗೆ (ನ್ಯೂಟ್ರಲ್) ಹಾಕಿ, ಮತ್ತೆ ಎರಡು ಸಲ. ವಾಪಸ್ ಪಿ-ಗೆ ಬಂದು ಇನ್ನೆರಡು ಸಲ. ಇಷ್ಟೂ 60 ಸೆಕೆಂಡಿನೊಳಗೆ ಮುಗಿಯಬೇಕು. ಡ್ಯಾಶಿನಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಬಂದರೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ನಿಲ್ಲದೆ ಓಡುತ್ತದೆ. ಈ ಮೋಡಿನಲ್ಲಿ ಗಾಡಿ ರಸ್ತೆಗೆ ತರಬೇಡಿ, ಟ್ರಾನ್ಸ್‌ಮಿಷನ್ನಿಗೆ ಪೆಟ್ಟು. ಪವರ್ ಆಫ್ ಮಾಡಿದರೆ ಮೋಡ್ ಹೋಗುತ್ತದೆ.

ಇನ್ನು ಗಾಳಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಂದಿನ ಎರಡು ಚಕ್ರ ರ್‍ಯಾಂಪ್ ಮೇಲೆ ಹತ್ತಿಸಿ, ಟ್ಯಾಂಕಿನ ಬಾಯಿ ಮೇಲಕ್ಕೆ ಬರಲಿ. ಹೀಟರ್ ಮ್ಯಾಕ್ಸ್ ಹಾಟ್, ಫ್ಯಾನ್ ಕಮ್ಮಿ ವೇಗ. ಮುಚ್ಚಳ ತೆಗೆದು ಮೇಲಿನ ಗೆರೆಯವರೆಗೆ ತುಂಬಿ ಸ್ಟಾರ್ಟ್ ಮಾಡಿ. ದಪ್ಪ ಹೋಸುಗಳನ್ನು ಹಸು ಕರೆದ ಹಾಗೆ ಒತ್ತಿ ಬಿಡಿ, ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ 70 ಡಿಗ್ರಿ ಬಂದ ಮೇಲೆ ಮುಚ್ಚಳ ಹಾಕಿಬಿಡಿ. ಅಲ್ಲಿಂದಾಚೆ ಅದನ್ನು ಮುಟ್ಟಲೇಬಾರದು, ಮುಖಕ್ಕೆ ಚಿಮ್ಮುತ್ತದೆ. ಪೆಡಲ್ ಅರ್ಧ ಒತ್ತಿ ಹಿಡಿದು ಹತ್ತು ನಿಮಿಷ ಓಡಿಸಿ. ಥರ್ಮೋಸ್ಟಾಟ್ 80ರಿಂದ 84 ಡಿಗ್ರಿಯ ನಡುವೆ ತೆರೆಯಲು ಶುರುವಾಗುತ್ತದೆ. ಆಗ ಕೆಳಗಿನ ಹೋಸ್ ಬಿಸಿಯಾಗಬೇಕು, ಹೀಟರಿನಿಂದ ಸುಡುವ ಗಾಳಿ ಬರಬೇಕು. ಆಫ್ ಮಾಡಿ, ರಾತ್ರಿಯಿಡೀ ತಣಿಯಲು ಬಿಡಿ, ಬೆಳಗ್ಗೆ ಮಟ್ಟ ನೋಡಿ ತುಂಬಿ. ಎರಡು ಮೂರು ಸುತ್ತು ಬೇಕಾಗುತ್ತದೆ.

ಈ ಗಾಡಿಯಲ್ಲಿ ಗಾಳಿ ಯಾಕೆ ಇಷ್ಟು ಮೊಂಡು ಅಂದರೆ ಕೂಲೆಂಟ್ ಹೋಗುವ ದಾರಿಯೇ ಸುತ್ತುಬಳಸಿನದು. ಹಿಂದಿನ ಗೋಡೆಗೆ ಹತ್ತಿದ ಇಜಿಆರ್ ಕೂಲರ್, ಒಳಗಿನ ಹೀಟರ್ ಕೋರ್, ನೆಲದಡಿ ಸೈಲೆನ್ಸರ್ ಪೈಪಿನ ಶಾಖ ಹಿಡಿದು ನೀರು ಬಿಸಿ ಮಾಡುವ ಪೆಟ್ಟಿಗೆ, ಎಲ್ಲದರಲ್ಲೂ ಗಾಳಿ ಅವಿತುಕೊಳ್ಳುತ್ತದೆ. ಕಂಪ್ರೆಸರ್ ಇರುವವರು ವ್ಯಾಕ್ಯೂಮ್ ಫಿಲ್ಲರ್ ಬಳಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ: ಮಾಪಕದಲ್ಲಿ 24-25 ಇಂಚು ಪಾದರಸದಷ್ಟು ಗಾಳಿ ಎಳೆದು ಐದು ನಿಮಿಷ ಮುಳ್ಳು ಅಲ್ಲಾಡದೆ ನಿಲ್ಲಬೇಕು, ನಂತರ ಕೂಲೆಂಟ್ ತಾನೇ ಹೀರಿಕೊಳ್ಳುತ್ತದೆ. ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ ಅಂತ ತುಂಬುವ ಮೊದಲೇ ಗೊತ್ತಾಯಿತಲ್ಲ, ಅದೇ ದೊಡ್ಡ ಲಾಭ.

ಹುಬ್ಬಳ್ಳಿ_ಗೇರ್

ಕಾಕಾ ಹೇಳಿದ್ದು ಖರೆ. ನಂದೂ ಎರಡು ಮಾತು ಸೇರಿಸ್ರಿ.

ಥರ್ಮೋಸ್ಟಾಟ್ ಕೂಡಿಸುವಾಗ ಅದರ ಸಣ್ಣ ಜಿಗಲ್ ವಾಲ್ವ್ ಮ್ಯಾಲಿನ ಕಡೆ ಇರಬೇಕು. ಅದು ಗಾಳಿ ಹೊರಗ ಹೋಗೋ ಕಿಂಡಿ. ತಿರುಗಾಮುರುಗಾ ಆದ್ರ ಥರ್ಮೋಸ್ಟಾಟ್ ಹಿಂದ ಗಾಳಿ ಕೂತು ಅದಕ್ಕ ಬಿಸಿ ನೀರು ತಾಗೂದೇ ಇಲ್ಲ, ತಡವಾಗಿ ತೆರೀತದ. ಹಳೇದು ಬಿಸಾಕಿಲ್ಲಂದ್ರ ಎರಡನ್ನೂ ಪಾತ್ರೆಯೊಳಗ ತೂಗಿಬಿಟ್ಟು ನೀರು ಕಾಯಿಸಿ ನೋಡ್ರಿ. ತಳಕ್ಕ ತಾಗಬಾರದು. 80ರಿಂದ 84ರೊಳಗ ಬಾಯಿ ಬಿಡಬೇಕು, 95ಕ್ಕ ಬಂದಾಗ ಹತ್ತಿರ ಹತ್ತಿರ 10 ಮಿಲಿಮೀಟರ್ ತೆರೆದಿರಬೇಕು. ಹೊಸದು ಅಂತ ಡಬ್ಬಿ ಮ್ಯಾಲೆ ಬರೆದಿದ್ರ ಸಾಲೂದಿಲ್ಲ.

ಎರಡನೇದು ಮುಚ್ಚಳ. ಈ ಗಾಡ್ಯಾಗ ರೇಡಿಯೇಟರಿಗೆ ಬ್ಯಾರೆ ಮುಚ್ಚಳ ಇಲ್ಲ, ಟ್ಯಾಂಕಿನ ಮುಚ್ಚಳಾನೇ ಪ್ರೆಶರ್ ಹಿಡಿಯೂದು. ಹೆಚ್ಚುಕಮ್ಮಿ 108 ಕಿಲೋಪ್ಯಾಸ್ಕಲ್. ಅಷ್ಟು ಒತ್ತಡದಾಗ ಅರ್ಧಕ್ಕರ್ಧ ಕೂಲೆಂಟ್ ಕುದಿಯೂದು 130ರ ಸಮೀಪ. ಮುಚ್ಚಳದ ರಬ್ಬರ್ ಸೀಳಿ ಒತ್ತಡ ಸೋರಿದ್ರ ಅದೇ ಕೂಲೆಂಟ್ 107ರ ಆಜೂಬಾಜೂ ಕುದಿ ಏಳ್ತದ. ನಿಮ್ಮ ಏರು ರಸ್ತೆಯ ಅಂಕಿ ಅದರ ಹತ್ರಾನೇ ಅದ ನೋಡ್ರಿ. ಮುಚ್ಚಳದ ರೊಕ್ಕ ಪಂಪಿನ ಮುಂದ ಏನೂ ಅಲ್ಲ, ಬದಲಿಸಿಬಿಡ್ರಿ.

ಟಾರ್ಕ್_ರೆಂಚ್

ಎಲ್ಲರೂ ಉಳಿದುಹೋದ ಗಾಳಿಯ ಬಗ್ಗೆ ಮಾತಾಡುತ್ತಿದ್ದೀರಿ. ಹೊಸದಾಗಿ ಹುಟ್ಟುತ್ತಿರುವ ಗಾಳಿ ಆಗಿದ್ದರೆ? ಈ ಎಂಜಿನ್‌ನಲ್ಲಿ, ಅದೂ ಈ ಮೈಲಿಯಲ್ಲಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಪಕ್ಕಕ್ಕಿಟ್ಟು ಮಾತಾಡುವಂತಿಲ್ಲ. ಗ್ಯಾಸ್ಕೆಟ್ ಸೋರಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತದೆ, ಪಂಪಿನಲ್ಲಿ ಗಾಳಿ, ಅದೇ ಪಿ148ಎಫ್, ಅದೇ ತಣ್ಣನೆ ಹೀಟರ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಬೇರೆ ಮಾಡಿ ನೋಡುವ ದಾರಿ ಇದೆ. ಉಳಿದ ಗಾಳಿ ಪ್ರತಿ ಸುತ್ತಿನಲ್ಲೂ ಕಡಿಮೆಯಾಗುತ್ತದೆ: ಮೊದಲ ದಿನ ಅರ್ಧ ಲೀಟರ್, ಎರಡನೇ ದಿನ ಒಂದು ಲೋಟ, ಮೂರನೇ ದಿನ ಏನೂ ಇಲ್ಲ. ಹುಟ್ಟುವ ಗಾಳಿಗೆ ಕೊನೆಯಿಲ್ಲ. ಆದ್ದರಿಂದ ಟ್ಯಾಂಕ್ ಮೇಲೆ ಟೇಪ್ ಅಂಟಿಸಿ, ದಿನಾ ಬೆಳಗ್ಗೆ ಒಂದೇ ಜಾಗದಲ್ಲಿ ನಿಲ್ಲಿಸಿ, ತಣ್ಣಗಿರುವಾಗ ಗೆರೆ ಎಳೆಯಿರಿ.

ಜೊತೆಗೆ ಮೊದಲ ಸ್ಟಾರ್ಟ್ ಗಮನಿಸಿ. ರಾತ್ರಿ ಬಿಸಿ ಎಂಜಿನ್ ನಿಲ್ಲಿಸಿದಾಗ ಒತ್ತಡ ಇರುತ್ತದೆ, ಒಂದೊಂದೇ ಹನಿ ಸಿಲಿಂಡರಿಗೆ ಇಳಿಯುತ್ತದೆ. ಬೆಳಗ್ಗೆ ಐದಾರು ಸೆಕೆಂಡು ಗಡಗಡ ಅಲುಗಾಡಿ ಸರಿಹೋದರೆ, ಮಿಸ್‌ಫೈರ್ ಕೋಡ್ ಪಿ0300 ಅಥವಾ ಪಿ0301 ಬಂದರೆ, ಅದನ್ನು ಕಾಯಿಲ್, ಪ್ಲಗ್ ಅಂತ ತಳ್ಳಿಹಾಕಬೇಡಿ. ಇಲ್ಲಿ ಒಂದು ಅಪಾಯ ಇದೆ. ಈ ಗಾಡಿಯಲ್ಲಿ ಮಾಮೂಲಿ ಸ್ಟಾರ್ಟರ್ ಇಲ್ಲ, ಎಂಜಿ1 ಅನ್ನುವ ದೊಡ್ಡ ಮೋಟರು ಎಂಜಿನ್ನನ್ನು ಒಂದೇ ಏಟಿಗೆ 1,000 ಆರ್‌ಪಿಎಂವರೆಗೆ ತಿರುಗಿಸುತ್ತದೆ. ಸ್ಟಾರ್ಟರ್ ಆದರೆ ನೀರು ತುಂಬಿದ ಸಿಲಿಂಡರಿನ ಎದುರು ಸೋತು ನಿಲ್ಲಬಹುದು, ಇದು ಸೋಲುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಯಾಸ್ಕೆಟ್ಟಿನ ಕೆಲಸ ಅಲ್ಲಿಗೆ ಎಂಜಿನ್ನಿನ ಕೆಲಸ ಆಯಿತು.

ಪರೀಕ್ಷೆಯನ್ನು ನಾನಾದರೆ ಹೀಗೆ ಮಾಡುತ್ತೇನೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಟ್ಯಾಂಕಿಗೆ ಪ್ರೆಶರ್ ಟೆಸ್ಟರ್ ಹಾಕಿ 15 ಪಿಎಸ್‌ಐ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ. ತಣಿದಂತೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ, ಆಗ ಮತ್ತೆ ಏರಿಸಿ. ಬೆಳಗ್ಗೆ ನಾಲ್ಕೂ ಪ್ಲಗ್ ತೆಗೆದು ಬೋರ್‌ಸ್ಕೋಪ್ (ತೂತಿನೊಳಗೆ ನೋಡುವ ಪುಟ್ಟ ಕ್ಯಾಮೆರಾ) ಇಳಿಸಿ. ಪಿಸ್ಟನ್ ತಲೆ ಮೇಲೆ ಗುಲಾಬಿ ನೀರು ಕಂಡರೆ ಮಾತೇ ಇಲ್ಲ. ನೀರಿಲ್ಲದಿದ್ದರೂ ಮೂರು ಪಿಸ್ಟನ್ ಮಸಿಮಸಿ, ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ಅಲ್ಲಿ ಆವಿ ಕೆಲಸ ಮಾಡಿದೆ. ಕೂಲೆಂಟಿನಲ್ಲಿ ಹೊಗೆ ಇದೆಯೇ ನೋಡುವ ನೀಲಿ ದ್ರವದ ಬ್ಲಾಕ್ ಟೆಸ್ಟ್ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಹೋದದ್ದು ಖಚಿತ, ನೀಲಿಯಾಗೇ ಉಳಿದರೆ ಚೆನ್ನಾಗಿದೆ ಅಂತ ಖಚಿತವಲ್ಲ. ಸಣ್ಣ ಸೋರಿಕೆ ಅದಕ್ಕೆ ಸಿಗುವುದಿಲ್ಲ. ಅದನ್ನೂ ಮೇಂಟೆನೆನ್ಸ್ ಮೋಡಿನಲ್ಲೇ ಮಾಡಬೇಕು. ಪ್ಲಗ್ ವಾಪಸ್ ಹಾಕುವಾಗ 20 ನ್ಯೂಟನ್ ಮೀಟರ್, ತಣ್ಣನೆ ಹೆಡ್ಡಿಗೆ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ.

ಸೋರಿಕೆ ನಿಲ್ಲಿಸುವ ಬಾಟಲಿ ದ್ರವ ಮಾತ್ರ ಹಾಕಲೇಬೇಡಿ. ಅದು ಮೊದಲು ಮುಚ್ಚುವುದು ಹೀಟರ್ ಕೋರ್ ಮತ್ತು ಇಜಿಆರ್ ಕೂಲರಿನ ಸಣ್ಣ ದಾರಿಗಳನ್ನು.

ಬಿಡದಿ_ಬೈಪಾಸ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. 2014ರ ಕ್ಯಾಮ್ರಿ ಹೈಬ್ರಿಡ್, ಇಲ್ಲೇ ಬಿಡದಿಯಲ್ಲಿ ಜೋಡಿಸಿದ್ದು. ಇದಕ್ಕೂ ಬೆಲ್ಟ್ ಇಲ್ಲ, ಕರೆಂಟ್ ಪಂಪ್. ಮನೆಯಲ್ಲಿ ಬಂಪರ್ ಬಿಚ್ಚಿ ಹಾಕಿದ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ 103-104. ಹೈವೇಗೆ ಬಂದರೆ 90ಕ್ಕೆ ಇಳಿಯುತ್ತದೆ. ಇದೂ ಗಾಳಿಯೇ?

ಹತ್ತು_ಎಂಎಂ

ಅಲ್ಲ, ನಿಮ್ಮದು ಉಲ್ಟಾ ಕೇಸು. ನಿಂತಾಗ ಏರಿ, ಓಡುವಾಗ ಇಳಿದರೆ ಕೂಲೆಂಟ್ ಸುತ್ತುತ್ತಿದೆ, ರೇಡಿಯೇಟರಿಗೆ ಗಾಳಿ ಬೀಸುತ್ತಿಲ್ಲ. ಎಸಿ ಫುಲ್ ಹಾಕಿ ಮುಂದೆ ನಿಂತು ನೋಡಿ, ಎರಡೂ ಫ್ಯಾನ್ ತಿರುಗಬೇಕು. ಬಂಪರ್ ಬಿಚ್ಚಿದ್ದೀರಿ ಅಂದರೆ ಮೊದಲ ಅನುಮಾನ ಸಿಕ್ಕಿಸಲು ಮರೆತ ಫ್ಯಾನ್ ಕನೆಕ್ಟರ್, ಆಮೇಲೆ ಫ್ಯೂಸು, ರಿಲೇ. ಫ್ಯಾನ್ ಸರಿಯಿದ್ದರೆ ಎಸಿಯ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ, ಧೂಳು, ಹತ್ತಿ, ಹುಳ ಸೇರಿ ಕಂಬಳಿ ಥರ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನಲ್ಲಿ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಹೋಗುತ್ತದೆ. ಬಂಪರ್ ಒಳಗಿನ ಪ್ಲಾಸ್ಟಿಕ್ ತಡಿಕೆಗಳು, ಕೆಳಗಿನ ಅಂಡರ್ ಕವರ್ ವಾಪಸ್ ಬಂದಿವೆಯೇ ನೋಡಿ. "ಇದೊಂದು ಉಳಿದುಹೋಯಿತು, ಪರವಾಗಿಲ್ಲ" ಅಂದ ತುಂಡೇ ಗಾಳಿಯನ್ನು ರೇಡಿಯೇಟರಿಗೆ ತಿರುಗಿಸುವ ತುಂಡಾಗಿರುತ್ತದೆ.

ಹಿಂದಿನ ಸೀಟಿನ ಬಳಿ ಇರುವ ಬ್ಯಾಟರಿ ಫ್ಯಾನಿನ ಜಾಲರಿಯನ್ನೂ ಒರೆಸಿ. ಅದಕ್ಕೂ ಎಂಜಿನ್ ಕಾವಿಗೂ ಸಂಬಂಧವಿಲ್ಲ, ಆದರೆ ಬೆಂಗಳೂರಿನ ಧೂಳಿಗೆ ಅದೂ ಕಟ್ಟುತ್ತದೆ.

ಹುಬ್ಬಳ್ಳಿ_ಗೇರ್

ಬೋರಿನ ನೀರು ಮಾತ್ರ ಹಾಕಬ್ಯಾಡ್ರಿ. ನಮ್ಮ ಕಡೆ ಪಾತ್ರಿ ತಳದಾಗ ಕೂಡೋ ಬಿಳೀ ಪೊರೆ ರೇಡಿಯೇಟರಿನ ನಾಳದಾಗೂ ಕೂಡ್ತದ. ತುರ್ತು ಅಂದ್ರ ಡಿಸ್ಟಿಲ್ಡ್ ವಾಟರ್.

ನೀಲಿ_ಇನ್ವರ್ಟರ್

ಎರಡನೇ ತಲೆಮಾರಿನ, 2004ರಿಂದ 2009ರ ಪ್ರಿಯಸ್ ಇರುವವರು ಇದನ್ನು ಓದಿ ಹಾಗೇ ಮಾಡಬೇಡಿ, ಅದರ ಜಾತಕ ಬೇರೆ. ಅದರಲ್ಲಿ ವಾಟರ್ ಪಂಪ್ ಬೆಲ್ಟಿನದು. ಜೊತೆಗೆ ಅಮೆರಿಕದ ಗಾಡಿಗಳಲ್ಲಿ ಸುಮಾರು 3 ಲೀಟರ್ ಬಿಸಿ ಕೂಲೆಂಟನ್ನು ಫ್ಲಾಸ್ಕಿನಂತೆ ಕೂಡಿಡುವ ಟ್ಯಾಂಕ್ ಇದೆ. ಗಾಡಿ ನಿನ್ನೆಯಿಂದ ನಿಂತಿದ್ದರೂ ಅದರೊಳಗಿನದು ಕೈ ಸುಡುವಷ್ಟು ಬಿಸಿ ಇರುತ್ತದೆ. ಬಿಚ್ಚುವ ಮೊದಲು ಅದರ ಪಂಪಿನ ಕನೆಕ್ಟರ್ ಕಿತ್ತಿಡಿ. ಅಲ್ಲಿ ಪಿ1121 ಬಂದರೆ ಕೂಲೆಂಟ್ ತಿರುಗಿಸುವ ಮೂರು ದಾರಿಯ ವಾಲ್ವ್ ಅಂಟಿಕೊಂಡಿದೆ.

ಎರಡು ತಲೆಮಾರಿಗೂ ಅನ್ವಯಿಸುವ ಮಾತು: ಎರಡು ಕೂಲೆಂಟ್ ಟ್ಯಾಂಕ್ ಇವೆ, ಒಂದು ಎಂಜಿನ್ನಿನದು, ಇನ್ನೊಂದು ಇನ್ವರ್ಟರಿನದು (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಪೆಟ್ಟಿಗೆ), ಎರಡರ ನೀರೂ ಒಂದಕ್ಕೊಂದು ಸೇರುವುದಿಲ್ಲ. ಗಾಡಿ ರೆಡಿಯಲ್ಲಿದ್ದಾಗ ಇನ್ವರ್ಟರ್ ಟ್ಯಾಂಕಿನೊಳಗೆ ಕೂಲೆಂಟ್ ಕದಡುತ್ತಿರಬೇಕು. ಕೆರೆಯಂತೆ ನಿಂತಿದ್ದರೆ ಅದರ ಪುಟ್ಟ ಪಂಪ್ ಹೋಗಿದೆ, ಕೋಡ್ ಪಿ0ಎ93 ಬರುತ್ತದೆ. ಎಂಜಿನ್ ಕಾವು ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ಕೆಂಪು ದೀಪಕ್ಕೆ ಕಾರಣ ಇದೇ.

ಸ್ಯಾನ್‌ಹೊಸೆ_30

ಅಳತೆಗಳು ಇಲ್ಲಿವೆ. ಮೊದಲ ಸುತ್ತಿನಲ್ಲಿ 0.9 ಲೀಟರ್ ಇಳಿಯಿತು, ಎರಡನೆಯದರಲ್ಲಿ 0.3. ಹೀಟರ್ ಈಗ ಬಿಸಿ, ಅದೇ ಏರಿನಲ್ಲಿ ಗರಿಷ್ಠ 95. ಕೋಡ್ ವಾಪಸ್ ಬಂದಿಲ್ಲ. ಮುಚ್ಚಳ ಹೊಸದು. ಬೆಳಗಿನ ಸ್ಟಾರ್ಟ್ ನಯವಾಗಿದೆ. ಆದರೆ ಟೇಪಿನ ಗೆರೆ ಇಳಿಯುತ್ತಲೇ ಇದೆ: ಮೂರನೇ ದಿನ 4 ಮಿಲಿಮೀಟರ್, ನಾಲ್ಕನೇ ದಿನ 4, ಐದನೇ ದಿನ ಮತ್ತೆ 4. ನೆಲದ ಮೇಲೆ ಒಂದು ಹನಿಯೂ ಇಲ್ಲ.

ಟಾರ್ಕ್_ರೆಂಚ್

ದಿನಕ್ಕೆ ಒಂದೇ ಸಮನಾಗಿ 4 ಮಿಲಿಮೀಟರ್ ಅಂದರೆ ಅದು ಗಾಳಿ ಹೊರಬರುತ್ತಿರುವುದಲ್ಲ, ಕೂಲೆಂಟ್ ಹೊರಹೋಗುತ್ತಿರುವುದು. ಎಲ್ಲಿಗೆ ಅನ್ನುವುದೊಂದೇ ಪ್ರಶ್ನೆ. 15 ಪಿಎಸ್‌ಐ ಹಾಕಿ, ಬೋರ್‌ಸ್ಕೋಪ್ ಇಳಿಸಿ. ಹೆಡ್ಡು ಬಿಚ್ಚುವ ಯೋಚನೆ ಅದಾದ ಮೇಲೆ.

ಕೂಲೆಂಟ್_ಕಾಕ

ಅದಕ್ಕೂ ಮೊದಲು ಹಿಂದಿನ ಗೋಡೆ ಕಡೆ ಕನ್ನಡಿ ಇಳಿಸಿ ನೋಡಿ. ನೀವು ಬಿಚ್ಚಿದ್ದು ಇಜಿಆರ್ ಕೂಲರ್, ಅದರ ಎರಡು ಹೋಸ್ ಇರುವುದು ಅಲ್ಲಿ. ಪಕ್ಕದಲ್ಲೇ ಎಗ್ಸಾಸ್ಟ್ ಇರುವುದರಿಂದ ಅಲ್ಲಿ ಬಿದ್ದ ಹನಿ ನೆಲ ತಲುಪುವ ಮೊದಲೇ ಆವಿ. ಉಳಿಯುವುದು ಗುಲಾಬಿ-ಬಿಳಿ ಉಪ್ಪಿನಂಥ ಹುಡಿ, ಮತ್ತು ಗಾಡಿ ನಿಲ್ಲಿಸಿದ ಕೂಡಲೇ ಬರುವ ಸಿಹಿ ವಾಸನೆ. ಈ ಗಾಡಿಯ ಎಂಜಿನ್ ಪದೇಪದೇ ನಿಂತು ಏಳುವುದರಿಂದ ಹೋಸ್ ಬಿಸಿಯಾಗಿ ತಣಿದು ಬಿಸಿಯಾಗುತ್ತದೆ. ಸಡಿಲ ಕ್ಲಾಂಪ್ ತಣಿದಾಗಲಷ್ಟೇ ಸೋರುತ್ತದೆ, ಬಿಸಿ ಇರುವಾಗ ನೋಡಿದರೆ ಒಣಗಿರುತ್ತದೆ.

ಸ್ಯಾನ್‌ಹೊಸೆ_30

ಬೋರ್‌ಸ್ಕೋಪ್: ನಾಲ್ಕೂ ಪಿಸ್ಟನ್ ಒಂದೇ ಥರ ಮಸಿ, ನೀರಿಲ್ಲ. ಪ್ರೆಶರ್: 12 ಗಂಟೆಯಲ್ಲಿ 15ರಿಂದ 9 ಪಿಎಸ್‌ಐಗೆ ಇಳಿದಿದೆ. ಕನ್ನಡಿಯಲ್ಲಿ: ಇಜಿಆರ್ ಕೂಲರಿನ ಕೆಳ ಹೋಸ್ ಬಾಯಲ್ಲಿ ಗುಲಾಬಿ ಹುಡಿ. ಸ್ಪ್ರಿಂಗ್ ಕ್ಲಾಂಪ್ ಹೋಸಿನ ಹಳೇ ಅಚ್ಚಿನಿಂದ ಅರ್ಧ ಸೆಂಟಿಮೀಟರ್ ಈಚೆಗೆ, ಪೈಪಿನ ಉಬ್ಬಿನ ಮೇಲೆಯೇ ಕೂತಿದೆ. ಸ್ಕ್ರೂ ಕ್ಲಾಂಪ್ ಹಾಕಿ ಬಿಗಿದುಬಿಡಲೇ?

ಕೂಲೆಂಟ್_ಕಾಕ

ಬೇಡ. ಸ್ಕ್ರೂ ಕ್ಲಾಂಪ್ ಬಿಗಿದಷ್ಟೇ ಇರುತ್ತದೆ, ರಬ್ಬರ್ ತಣಿದು ಕುಗ್ಗಿದಾಗ ಜೊತೆಗೆ ಕುಗ್ಗುವುದಿಲ್ಲ. ಸ್ಪ್ರಿಂಗ್ ಕ್ಲಾಂಪ್ ಕುಗ್ಗುತ್ತದೆ, ಅದಕ್ಕೇ ಅದನ್ನು ಇಟ್ಟಿರುವುದು. ಹೋಸ್ ತೆಗೆದು ಒಳಗೆ ಸೀಳು ಇದೆಯೇ ನೋಡಿ, ತುದಿ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹೋಸೇ ಬದಲಿಸಿ. ಪೈಪಿನ ಮೇಲಿನ ಹುಡಿಯನ್ನು ಒರಟು ಬಟ್ಟೆಯಲ್ಲಿ ಒರೆಸಿ, ಮರಳು ಕಾಗದ ಬೇಡ. ಹೋಸನ್ನು ಪೂರ್ತಿ ಒಳಗೆ ತಳ್ಳಿ, ಕ್ಲಾಂಪನ್ನು ಉಬ್ಬು ದಾಟಿ ಹಳೇ ಅಚ್ಚಿನಲ್ಲೇ ಕೂರಿಸಿ. ಕಿವಿಗಳು ಮೇಲ್ಮುಖ ಇರಲಿ, ಮುಂದಿನ ಸಲ ಇಕ್ಕುಳ ತಲುಪಬೇಕಲ್ಲ.

ಟಾರ್ಕ್_ರೆಂಚ್

ಮತ್ತೆ 15 ಪಿಎಸ್‌ಐ, ಮತ್ತೆ 12 ಗಂಟೆ. ತಣ್ಣನೆ ಎಂಜಿನ್‌ನಲ್ಲಿ ಶುರು ಮಾಡಿ ಒಂದು ಪಿಎಸ್‌ಐಗಿಂತ ಹೆಚ್ಚು ಇಳಿಯದಿದ್ದರೆ ಗ್ಯಾಸ್ಕೆಟ್ ಮೇಲಿನ ನನ್ನ ಅನುಮಾನ ವಾಪಸ್. ಗಾಳಿ ಮತ್ತೊಂದು ಸುತ್ತು ತೆಗೆಯಬೇಕು, ಹೋಸ್ ಬಿಚ್ಚಿದ್ದೀರಿ. ಈ ಸಲ ಎಷ್ಟು ಚೆಲ್ಲಿತು ಅಂತ ಅಳೆದಿಡಿ, ಅಷ್ಟೇ ವಾಪಸ್ ಹೋಗಬೇಕು. ಟೇಪು ಮಾತ್ರ ಒಂದು ತಿಂಗಳು ಕೀಳಬೇಡಿ.